ಬೆಳ್ಳಿ ಲೋಟದ ಚಹಾ

ಕ್ಯಾಂಪ್, ಪುಣೆ
ಮಂಗಳವಾರ, 4 ಡಿಸೆಂಬರ್ 1945

ಕುಸುಮಾ,

ನೀನು ಏನು ಕೊಡುತ್ತೇನೆ ಅಂದಿದ್ದೆ, ಏನು ಕೊಡಲಿಲ್ಲ ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಕುಶಲ ಆಮೇಲೆ.

ಜೈಲಿನ ಅಂಗಳದ ಬೇವಿನ ಮರದ ಕೆಳಗೆ ಕೂತು ನೀನು ಅಂದಿದ್ದೆ: ಬಿಡುಗಡೆಯಾದ ಮೇಲೆ ರವಿವಾರಕ್ಕೊಮ್ಮೆ ಸೇರಿ ಬಗೆಬಗೆಯ ಚಹಾ ಮಾಡಿ ಕುಡಿಯೋಣ. ಕಿಟ್ಲಿ ಒಂದೇ. ಒಂದು ರವಿವಾರ ನಿನ್ನ ಮನೆ, ಮುಂದಿನ ರವಿವಾರ ನನ್ನ ಮನೆ. ರುಚಿ ಬರೆದಿಡುವ ವಹಿಯ ಮೇಲೆ ಇಬ್ಬರ ಹೆಸರು. ಎಲ್ಲರಿಗೂ ಒಂದೇ ಥರದ ಕಪ್ಪು.

ಕಿಟ್ಲಿ ಒಂದೇ ಇತ್ತು, ಇಲ್ಲ ಅನ್ನಲಾರೆ. ನನ್ನ ಮನೆಯ ರವಿವಾರ ಮಾತ್ರ ಹದಿನೈದು ತಿಂಗಳಾದರೂ ಬರಲಿಲ್ಲ. ಒಮ್ಮೆ ರೇಶನ್ ಸಕ್ಕರೆ ಮುಗಿದಿತ್ತು, ಒಮ್ಮೆ ನಿನ್ನ ಮಗಳು ಇಂದೂಗೆ ಜ್ವರ, ಒಮ್ಮೆ ಟಾಂಗಾ ಸಿಗಲಿಲ್ಲ. ವಹಿಯ ಮೇಲೆ ನಿನ್ನ ಹೆಸರೊಂದೇ ಇದೆ. ಒಳಗಿನ ಅಕ್ಷರವೆಲ್ಲ ನನ್ನದು. ಕಪ್ಪಿನ ಮಾತು ಮುಂದೆ ಬರುತ್ತದೆ.

ಇನ್ನು ಕುಶಲ. ನಾವು ಇಲ್ಲಿ ಕ್ಷೇಮ. ಯುದ್ಧ ಮುಗಿದು ಪಲ್ಟಣಿನ ಬೂಟಿನ ಕೆಲಸ ನಿಂತಿದೆ. ಅಪ್ಪ ಮತ್ತೆ ಅಥಣಿಯ ಚಪ್ಪಲಿ ಹೊಲಿಯಲು ಕೂತಿದ್ದಾನೆ. ಕಣ್ಣು ಮಂಜಾದರೂ ಬೆರಳು ತಪ್ಪುವುದಿಲ್ಲ. ನನ್ನ ರಾತ್ರಿಶಾಲೆಯಲ್ಲಿ ಈಗ ಇಪ್ಪತ್ತಮೂರು ಹೆಂಗಸರು. ಉತ್ತರ ಬರೆಯಲು ತಡವಾಯಿತು, ಅದಕ್ಕೆ ಕ್ಷಮೆ ಕೇಳುವುದು ರೀತಿ. ಕೇಳಿದ್ದೇನೆ ಅಂದುಕೋ.

ನಿನ್ನ ಮೂರು ಕಾಗದಗಳೂ ತಲುಪಿವೆ. ಮೊದಲನೆಯದರಲ್ಲಿ ನನ್ನ ಸಿಟ್ಟು ಇಳಿಯಿತೇ ಎಂದು ಕೇಳಿದ್ದೀ. ಎರಡನೆಯದರಲ್ಲಿ, ನಾನಿಲ್ಲದೆ ಗುಲಾಬಿ ಪಕಳೆಯ ಚಹಾ ಸಪ್ಪೆಯಾಯಿತು ಎಂದಿದ್ದೀ. ಮೂರನೆಯದರಲ್ಲಿ ಕೆಲಸದ ಮಾತು. ಚುನಾವಣೆ ಹತ್ತಿರ ಬಂತು, ಹದಿನಾರನೇ ತಾರೀಖು ನಿಮ್ಮ ನಾರಾಯಣ ಪೇಠೆಯಲ್ಲಿ ಹೆಂಗಸರ ಸಭೆ, ನಾನು ಬಂದು ಮಗ್ಗಿನ ಕಥೆ ಹೇಳಬೇಕಂತೆ. ಆ ಕಥೆ ಕೇಳಿದರೆ ಕಲ್ಲೂ ಕರಗುತ್ತದೆ ಎಂದು ಬರೆದಿದ್ದೀ.

ಕರಗುತ್ತದೆ, ನಿಜ. ನಾನೇ ಎಷ್ಟು ಊರಲ್ಲಿ ಕರಗಿಸಿಲ್ಲ? ಶಿರೂರಿನಲ್ಲಿ ಹೇಳಿದೆ, ಹಡಪಸರದಲ್ಲಿ ಹೇಳಿದೆ, ಬೆಳಗಾವಿಯವರೆಗೂ ಹೋಗಿ ಹೇಳಿ ಬಂದೆ. ನಲವತ್ತೆರಡರಲ್ಲಿ ಪ್ರಭಾತಫೇರಿಯಲ್ಲಿ ಇಬ್ಬರನ್ನೂ ಹಿಡಿದರು; ನೀನು ಧಾರವಾಡದ ಬ್ರಾಹ್ಮಣರ ಮಗಳು, ನಾನು ಅಥಣಿಯ ಸಮಗಾರ ಗೂಳಪ್ಪನ ಮಗಳು. ಸಿ ವರ್ಗದ ಕೈದಿಗಳಿಗೆ ಚಹಾ ಇರಲಿಲ್ಲ. ಬೆಳಿಗ್ಗೆ ತೆಳ್ಳನೆಯ ಗಂಜಿ, ಅದಕ್ಕೆ ನಮ್ಮಿಬ್ಬರ ನಡುವೆ ಒಂದೇ ತಗಡಿನ ಮಗ್ಗು. ನೀನು ಅರ್ಧ ಕುಡಿದು ನನಗೆ ಕೊಡುತ್ತಿದ್ದೆ. "ಕಣ್ಣ ಮುಚ್ಚು, ಹೇಳು, ಇವತ್ತ ಚಹಾಕ್ಕ ಏನ್ ಹಾಕೇನಿ?" ಎಂದು ಕೇಳುತ್ತಿದ್ದೆ. ನಾನು ಗಂಜಿ ಗುಟುಕರಿಸಿ ಯಾಲಕ್ಕಿ ಅನ್ನುತ್ತಿದ್ದೆ. ಮರುದಿನ ಹಸಿಶುಂಠಿ, ಮತ್ತೊಂದು ದಿನ ತುಳಸಿ. ಹೇಳಿದ ಕೂಡಲೇ ಅದರ ವಾಸನೆ ಬರುತ್ತಿತ್ತು, ಕುಸುಮಾ. ಉಪ್ಪಿಲ್ಲದ ಗಂಜಿಯಲ್ಲಿ ಯಾಲಕ್ಕಿಯ ವಾಸನೆ ಕಂಡವಳು ನಾನು. ನಾನು ಕುಡಿದ ಮೇಲೆ ಮಗ್ಗು ನೀನೇ ಇಸಿದುಕೊಳ್ಳುತ್ತಿದ್ದೆ. "ನೀ ಜ್ವರದಾಕಿ, ಕೂಡು, ನಾ ತಿಕ್ಕೊಂಡು ಬರ್ತೇನಿ," ಎಂದು ನಲ್ಲಿಯ ಕಡೆ ಹೋಗುತ್ತಿದ್ದೆ. ಬ್ರಾಹ್ಮಣರ ಮಗಳು ಸಮಗಾರರ ಮಗಳ ಎಂಜಲು ಮಗ್ಗು ತೊಳೆದಳು: ಸಭೆಯಲ್ಲಿ ಈ ಮಾತಿಗೆ ಬಂದಾಗ ನಾನು ನಿನ್ನ ಕಡೆ ಕೈ ತೋರಿಸುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನೀನು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿರುತ್ತಿದ್ದೆ.

ಇನ್ನು ನಿನ್ನ ರವಿವಾರಗಳ ಮಾತು. ನಾಲ್ಕು ಹೆಂಗಸರು, ನಡುವೆ ಕಿಟ್ಲಿ. ಅವಧೂತರಾಯರು ಚಹಾ ಕಂಪನಿಯ ಗೋದಾಮಿನಲ್ಲಿ ಕ್ಲಾರ್ಕು. ಗಂಡ ತರುವ ನಮೂನೆಯ ಪುಡಿ ನಿನ್ನ ಡಬ್ಬಿಗಳಲ್ಲಿ ಸಾಲಾಗಿ ಇರುತ್ತಿತ್ತು. ಗಂಗೂಬಾಯಿ ಹಡಪಸರದ ತೋಟದಿಂದ ಗವತಿ ಚಹಾದ ಹುಲ್ಲು ತರುತ್ತಿದ್ದರು, ಅದನ್ನು ಗಂಟು ಕಟ್ಟಿ ಕುದಿಯುವ ನೀರಿಗೆ ಬಿಟ್ಟರೆ ಪಡಸಾಲೆಯೆಲ್ಲ ಲಿಂಬೆಯ ಘಮ. ರಂಗೂಬಾಯಿ ನೆರಳಲ್ಲಿ ಒಣಗಿಸಿದ ಗುಲಾಬಿ ಪಕಳೆ ತರುತ್ತಿದ್ದರು. ಕಣ್ಣು ಮುಚ್ಚಿ ರುಚಿ ಹೇಳುವ ಜೈಲಿನ ಆಟವನ್ನೇ ನೀನು ಅಲ್ಲಿ ಹೂಡಿದ್ದೆ. ಪ್ರತಿಸಲ ಗೆಲ್ಲುತ್ತಿದ್ದವಳು ನಾನು. ಶುಂಠಿ ಹಸಿದೋ ಒಣಗಿದ್ದೋ, ಲವಂಗ ಎರಡೋ ಮೂರೋ, ಹುಲ್ಲು ಇಂದು ಕೊಯ್ದದ್ದೋ ನಿನ್ನೆಯದೋ, ನಾಲಿಗೆಗೆ ಹತ್ತಿದರೆ ಸಾಕಿತ್ತು. ಒಮ್ಮೆ ರಂಗೂಬಾಯಿ ನಕ್ಕು, ಹುಟ್ಟಿದಾಗಿನಿಂದ ತೊಗಲಿನ ವಾಸನೆ ಕುಡಿದ ಮೂಗಿಗೆ ಇದೇನು ದೊಡ್ಡದು ಅಂದರು. ನೀನೂ ನಕ್ಕೆ. ನಾನೂ ನಕ್ಕೆ, ಅದನ್ನೂ ಬರೆಯುತ್ತೇನೆ. ಗೆದ್ದವಳಿಗೆ ನಗುವುದು ಸುಲಭ.

ನಮ್ಮ ಮನೆಯ ಚಹಾದ ಪುಡಿಯನ್ನು ಒಂದು ಸಲ ತಂದೆ, ನೆನಪಿದೆಯೇ? ಒಣಶುಂಠಿ, ಮೆಣಸು, ಚೂರು ಜೀರಿಗೆ. ನಮ್ಮವ್ವ ಬದುಕಿದ್ದಾಗ ಬೆಲ್ಲದ ಚಹಾಕ್ಕೆ ಹಾಕುತ್ತಿದ್ದದ್ದು. ನಾನೇ ಕುಟ್ಟಿದ್ದೆ. ನೀನು ಎರಡೂ ಕೈಯಲ್ಲಿ ಇಸಿದುಕೊಂಡು, ಮುಂದಿನ ವಾರ ಇದೇ ಅಂದೆ. ಆ ಪೊಟ್ಟಣ ಕಿಟಕಿಯ ಮೇಲೆ ಬಿಸಿಲಿಗೆ ಬಣ್ಣ ಹೋಗಿ ಬಿಳಿಯಾಯಿತು. ವಹಿಯಲ್ಲಿ ಅದಕ್ಕೆಂದು ಬಿಟ್ಟ ಹಾಳೆ ಖಾಲಿ ಇದೆ, ಬೇಕಾದರೆ ತೆಗೆದು ನೋಡು.

ಈಗ ಕಪ್ಪಿನ ಮಾತು. ಅವರೆಲ್ಲರಿಗೂ, ನಿನಗೂ, ಹೂವಿನ ಅಂಚಿನ ಪಿಂಗಾಣಿಯ ಕಪ್ಪು-ಬಸಿ. ನನಗೊಬ್ಬಳಿಗೆ ಬೆಳ್ಳಿ ಲೋಟ. ಮೊದಲ ದಿನ ನಾನು ಸಂಕೋಚದಿಂದ ಬೇಡವೆಂದೆ. ನೀನು ನನ್ನ ಕೈಯಲ್ಲಿ ಲೋಟ ಇಟ್ಟು, "ನೀ ನಮ್ಮ ಮನ್ಯಾಗ ಎಲ್ಲಾರಿಗಿಂತ ದೊಡ್ಡ ಅತಿಥಿ," ಅಂದೆ. ನಾನು ಹಿಗ್ಗಿದೆ. ಓದಿದವಳು, ಸಭೆಯಲ್ಲಿ ಗುಡುಗುವವಳು, ಬೆಳ್ಳಿ ನೋಡಿ ಹಿಗ್ಗಿದೆ.

ಬೆಳ್ಳಿಯಲ್ಲಿ ಬಿಸಿ ಚಹಾ ಹಿಡಿದವಳಿಗೆ ಗೊತ್ತು. ಕೈ ಸುಡುತ್ತದೆ, ತುಟಿ ಸುಡುತ್ತದೆ. ಸೆರಗಿನಲ್ಲಿ ಹಿಡಿದು ಆರುವವರೆಗೂ ಕಾಯಬೇಕು. ಅಷ್ಟರಲ್ಲಿ ನೀವು ಮೂವರೂ ಕುಡಿದು ಬಸಿಯ ಮೇಲೆ ಕಪ್ಪು ಬೋರಲು ಹಾಕಿರುತ್ತಿದ್ದಿರಿ. ಗುಲಾಬಿಯ ಘಮ ಉಗಿಯಲ್ಲೇ ಇರುತ್ತದೆ, ಉಗಿ ಹೋದರೆ ಅದೂ ಹೋಯಿತು. ಹದಿನೈದು ತಿಂಗಳು ನಿನ್ನ ಮನೆಯ ಚಹಾವನ್ನು ನಾನು ಬಿಸಿಯಾಗಿ ಕುಡಿದದ್ದೇ ಇಲ್ಲ. ಆರಿದ ಚಹಾದಿಂದಲೇ ನಿಮ್ಮೆಲ್ಲರನ್ನೂ ಗೆಲ್ಲುತ್ತಿದ್ದೆ, ಅದನ್ನೂ ಹೆಮ್ಮೆ ಅಂದುಕೊಂಡಿದ್ದೆ.

ಅಪ್ಪನ ಮುಂದೆ ಆ ಲೋಟದ ವರ್ಣನೆ ಮಾಡಿದ್ದೆ. ಅವನು ಅಟ್ಟೆಗೆ ಮೊಳೆ ಹೊಡೆಯುತ್ತಾ ಕೇಳಿದ: "ಎಲ್ಲಾರಿಗೂ ಪಿಂಗಾಣಿ, ನಿನಗಷ್ಟ ಬೆಳ್ಳಿ ಯಾಕವ್ವಾ?" ನಾನು ರೇಗಿದೆ. ನಿಮ್ಮ ಕಾಲ ಹೋಯಿತು, ನಿಮಗೆ ಮರ್ಯಾದೆ ಕೊಟ್ಟರೂ ಗುರುತು ಸಿಗುವುದಿಲ್ಲ ಎಂದೆ. ಅವನು ಇನ್ನೊಂದು ಮೊಳೆ ಬಾಯಿಂದ ತೆಗೆದ.

ನವೆಂಬರ್ ಹನ್ನೊಂದು, ರವಿವಾರ. ನಿನ್ನ ಅತ್ತೆ ಗೌರಾಬಾಯಿಯವರು ಕಾರ್ತಿಕಿ ಏಕಾದಶಿಗೆಂದು ಹಿಂದಿನ ದಿನವೇ ಪಂಢರಪುರಕ್ಕೆ ಹೋಗಿದ್ದರು. ನನ್ನಂಥವರನ್ನು ಹೊಸಿಲು ದಾಟಿಸದ ಗುಡಿಗೆ. ಅವರಿಲ್ಲದ ಮನೆಯಲ್ಲಿ ಅಂದು ನಾವು ಎಷ್ಟು ನಕ್ಕೆವು. ನೀನು ಹಾಲು ಹಾಕದೆ ಹುಲ್ಲಿನ ಚಹಾ ಮಾಡಿದ್ದೆ, ಬಣ್ಣ ನೋಡಲೆಂದು. ಗಂಗೂಬಾಯಿ, ರಂಗೂಬಾಯಿಯವರ ಹಿಂದೆಯೇ ನಾನೂ ಹೊರಟು ಲಕ್ಷ್ಮಿ ರಸ್ತೆಯವರೆಗೆ ಬಂದೆ. ವಹಿಯನ್ನು ಮನೆಗೆ ತಂದು ನೇರ್ಪಾಗಿ ಬರೆಯಬೇಕೆಂದಿದ್ದೆ, ಮರೆತಿದ್ದೆ. ತಿರುಗಿ ಬಂದೆ. ಮುಂಬಾಗಿಲಿಗೆ ಅಗಳಿ ಹಾಕಿತ್ತು, ಕೂಗಿದರೆ ಕೇಳಲಿಲ್ಲ. ಹಿಂದಿನ ಸಂದಿಯಿಂದ ಒಳಗೆ ಬಂದೆ.

ಬಚ್ಚಲ ಒಲೆಯ ಮುಂದೆ ನೀನು ಕೂತಿದ್ದೆ. ಕೈಯಲ್ಲಿ ಇಕ್ಕಳ, ಇಕ್ಕಳದಲ್ಲಿ ನನ್ನ ಲೋಟ. ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಡುತ್ತಿದ್ದೆ, ರೊಟ್ಟಿ ಸುಟ್ಟ ಹಾಗೆ. ನನ್ನ ನೆರಳು ಬಿದ್ದಾಗ ತಲೆ ಎತ್ತಿದೆ.

"ಹಾಲಿನ ಕಲಿ ಹೋಗವಲ್ದು ರುದ್ರಾ, ಅದಕ್ಕ," ಎಂದೆ.

"ಇವತ್ತ ಹಾಲು ಎಲ್ಲಿತ್ತು?" ಎಂದೆ ನಾನು.

ನೀನು ಇಕ್ಕಳ ಕೆಳಗಿಡಲಿಲ್ಲ. ಅದೇ ನನಗೆ ಇವತ್ತಿಗೂ ಕಾಣುವುದು. ಇಕ್ಕಳ ಹಿಡಿದೇ ಹೇಳಿದೆ: "ಅತ್ತಿಯವರು ಬಂದಕೂಡ್ಲೇ ಕೇಳ್ತಾರ. ಲೋಟ ಸುಟ್ಟಿಯೇನು ಅಂತಾರ. ನಾ ಸುಳ್ಳು ಹೇಳಾಕಿ ಅಲ್ಲ, ನಿನಗ ಗೊತ್ತದ."

ಗೊತ್ತಿದೆ. ಸತ್ಯದ ವ್ರತ ಹಿಡಿದವಳು ನೀನು. ಅತ್ತೆಗೆ ಸುಳ್ಳು ಹೇಳಬಾರದೆಂದು ಲೋಟ ಸುಟ್ಟೆ. ಅರೆಗಳಿಗೆ ಮುಂಚೆ ನನಗೆ ಹೇಳಿದ ಸುಳ್ಳಿಗೆ ಆ ವ್ರತ ಅಡ್ಡ ಬರಲಿಲ್ಲ. ಗೌರಾಬಾಯಿಯವರ ಮೇಲೆ ನನಗೆ ಸಿಟ್ಟಿಲ್ಲ. ನನ್ನನ್ನು ಕಂಡರೆ ಅವರು ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾರೆ. ಅವರ ಮನಸ್ಸಿನಲ್ಲಿರುವುದು ಅವರ ಕಾಲಲ್ಲೇ ಕಾಣುತ್ತದೆ. ಆದರೆ ಅವರು ಅಂದು ಭೀಮೆಯ ದಂಡೆಯಲ್ಲಿದ್ದರು. ನಾರಾಯಣ ಪೇಠೆಯಲ್ಲಿ ಇಕ್ಕಳ ಹಿಡಿದ ಕೈ ನಿನ್ನದು.

ವಹಿ ಬಿಟ್ಟು ಬಂದೆ. ಅಪ್ಪನಿಗೆ ಹೇಳಿದೆ. ಅವನು ಸಿಟ್ಟಾಗಲಿಲ್ಲ, ಪಾಠ ಹೇಳುವವನ ಹಾಗೆ ಹೇಳಿದ. "ಪಿಂಗಾಣಿ ಅಂದ್ರ ಮಣ್ಣು. ಮಣ್ಣಿಗಿ ನಮ್ಮ ಬಾಯಿ ಹತ್ತಿದ್ರ ಒಗೀಬೇಕಾಗ್ತದ. ಬೆಳ್ಳಿ ಸುಟ್ರ ಶುದ್ಧ. ಜಾಣರವ್ವಾ ಅವರು. ಕಪ್ಪೂ ಉಳೀತು, ನೀನೂ ಉಳದಿ."

ಮಣ್ಣನ್ನು ಸುಟ್ಟು ಶುದ್ಧ ಮಾಡಲು ಬರುವುದಿಲ್ಲ ಎಂಬ ಲೆಕ್ಕ ನಿನಗೆ ಮೊದಲ ರವಿವಾರವೇ ಗೊತ್ತಿತ್ತು. ನನಗಾಗಿ ಲೋಟ ಆರಿಸುವಾಗ ಗೊತ್ತಿತ್ತು. ದೊಡ್ಡ ಅತಿಥಿ ಅನ್ನುವಾಗ ಗೊತ್ತಿತ್ತು. ಒಡೆದ ಕಪ್ಪನ್ನು ಹಿತ್ತಲ ಗೂಡಿನಲ್ಲಿಟ್ಟು, ಇದು ನಿನ್ನದು ಅನ್ನುವ ಮನೆಗಳನ್ನು ನಾನು ನೂರು ನೋಡಿದ್ದೇನೆ. ಅಲ್ಲಿ ಜಗಳ ಆಡಲು ಬರುತ್ತದೆ. ಕಪ್ಪು ಎತ್ತಿ ಬಡಿದರೆ ಸದ್ದಾಗುತ್ತದೆ, ಓಣಿ ಸೇರುತ್ತದೆ. ನೀನು ಅವಮಾನಕ್ಕೆ ಬೆಳ್ಳಿ ಕಟ್ಟಿ, ನನ್ನಿಂದಲೇ ಅದಕ್ಕೆ ಉಪಕಾರ ಹೇಳಿಸಿಕೊಂಡೆ. ಹದಿನೈದು ತಿಂಗಳು ಹೇಳಿದ್ದೇನೆ. ಅಷ್ಟೂ ಸಲದ ಉಪಕಾರವನ್ನು ಈ ಕಾಗದದಲ್ಲಿ ವಾಪಸು ತೆಗೆದುಕೊಂಡಿದ್ದೇನೆ.

"ಅತ್ತೆಯ ಮನೆಯಲ್ಲಿ ಬಾಳಬೇಕಾದವಳು ನಾನು, ನಿನ್ನ ಹಾಗೆ ಗಂಡ-ಅತ್ತೆ ಇಲ್ಲದವಳಲ್ಲ" ಎಂದು ಮೊದಲನೇ ಕಾಗದದಲ್ಲಿ ಬರೆದಿದ್ದೀ. ಹೌದು. ಪೊಲೀಸರ ಲಾಠಿಗೆ ತಲೆ ಕೊಟ್ಟವಳು ನೀನು, ನಾನು ಪಕ್ಕದಲ್ಲೇ ಇದ್ದೆ, ನಿನ್ನ ರಕ್ತ ನನ್ನ ಸೀರೆಗೆ ಹತ್ತಿತ್ತು. ಸರ್ಕಾರಕ್ಕೆ ಹೆದರದವಳು ಒಂದು ಕಪ್ಪಿಗೆ ಹೆದರಿದೆಯಲ್ಲ. ನಾಳೆ ಸ್ವರಾಜ್ಯ ಬರುತ್ತದೆ. ನನಗೆ ಅದನ್ನು ಯಾವ ಲೋಟದಲ್ಲಿ ಕೊಡುತ್ತೀರಿ ಎಂದು ಈಗಲೇ ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ಅವಧೂತರಾಯರಿಗೆ ನಮಸ್ಕಾರ. ಗೌರಾಬಾಯಿಯವರ ಕಾಲಿನ ನೋವು ಕಡಿಮೆಯಾಗಲಿ. ಇಂದೂಗೆ ನನ್ನ ತುಂಬು ಆಶೀರ್ವಾದ. ಅವಳು ಓದಲಿ, ಎಲ್ಲರ ಮನೆಯಲ್ಲೂ ಕುಡಿಯುವಷ್ಟು ದೊಡ್ಡವಳಾಗಲಿ.

ನಿನ್ನವಳೋ ಅಲ್ಲವೋ ತಿಳಿಯದ,
ರುದ್ರವ್ವ

ತಾ.ಕ.: ಬೆಳ್ಳಿ ಲೋಟವನ್ನು ನಾನು ತಿಂಗಳೊಪ್ಪತ್ತಿನಲ್ಲಿ ಮರೆತೇನು. ಮೂರು ವಾರ ಕಾಗದ ಬರೆಯಗೊಡದೆ ತಡೆದದ್ದು ಅದಲ್ಲ.

ಜೈಲಿನಲ್ಲಿ ಮಗ್ಗು ಇಸಿದುಕೊಂಡು ನೀನು ನಲ್ಲಿಗೆ ಹೋಗುತ್ತಿದ್ದೆ. ಅಡಿಗೆಮನೆಯ ಹಿಂದಿನ ಗುಂಡಿಯಿಂದ ಬೂದಿ ತರುತ್ತಿದ್ದೆ. ನನಗೆ ಬೆನ್ನು ಹಾಕಿ ಕೂತು ಮೂರು ಸಲ ತಿಕ್ಕುತ್ತಿದ್ದೆ, ನಾನು ಮೂಲೆಯಲ್ಲಿ ಮಲಗಿ ಎಣಿಸುತ್ತಿದ್ದೆ. ನನ್ನ ಜ್ವರ ಇಳಿದು ತಿಂಗಳಾದ ಮೇಲೂ ಮೂರೇ ಸಲ. ಮೊದಲು ನೀನು ಕುಡಿಯುತ್ತಿದ್ದೆ, ಆಮೇಲೆ ನಾನು. ಒಂದು ದಿನವೂ ನಾನು ಮೊದಲು ಕುಡಿದದ್ದು ನೆನಪಿಲ್ಲ. ಅದನ್ನು ನಾನು ಸೇವೆ ಎಂದು ಊರೂರಿಗೆ ಸಾರಿದೆ. ಸಾರುವಾಗ ನೀನು ತಲೆ ತಗ್ಗಿಸಿದ್ದನ್ನು ವಿನಯ ಎಂದು ತಿಳಿದೆ.

ಅದು ಏನು, ಕುಸುಮಾ? ಸೇವೆಯೋ, ಶುದ್ಧಿಯೋ? ಇದಕ್ಕೆ ಕಾಗದದಲ್ಲಿ ಉತ್ತರ ಬೇಡ. ಬರೆಯುವುದರಲ್ಲಿ ನೀನು ಜಾಣೆ. ಹದಿನಾರರ ಸಭೆಯಲ್ಲಿ ಮಗ್ಗಿನ ಕಥೆ ಹೇಳುತ್ತೇನೆ. ಯಾವ ಕಥೆ ಎಂಬುದು ನಿನ್ನ ಕೈಯಲ್ಲಿದೆ.

ಕ್ಯಾಂಪಿನ ಬಜಾರದಿಂದ ಅಂಥದೇ ತಗಡಿನ ಮಗ್ಗು ತಂದಿದ್ದೇನೆ. ಅವ್ವನ ಪುಡಿ ಹೊಸದಾಗಿ ಕುಟ್ಟಿದ್ದೇನೆ. ಒಲೆಯ ಬೂದಿಯನ್ನು ಅಂದು ಬೆಳಿಗ್ಗೆಯೇ ಹೊರಗೆ ಚೆಲ್ಲಿರುತ್ತೇನೆ. ಮೊದಲು ನಾನು ಕುಡಿಯುತ್ತೇನೆ, ಆಮೇಲೆ ನೀನು, ಅದೇ ಮಗ್ಗಿನಲ್ಲಿ, ನಡುವೆ ನೀರು ಸೋಕಿಸದೆ. ನನ್ನ ಮನೆ ನಿನಗೆ ಗೊತ್ತಿಲ್ಲ, ಹದಿನೈದು ತಿಂಗಳಲ್ಲಿ ನೀನು ಕೇಳಲಿಲ್ಲ: ಮೋಚಿಗಳ ಸಾಲಿನ ಹಿಂದಿನ ಚಾಳ, ಎಡಗಡೆಯ ಮೂರನೇ ಬಾಗಿಲು. ಡಿಸೆಂಬರ್ ಒಂಬತ್ತು, ರವಿವಾರ, ಮಧ್ಯಾಹ್ನ ನಾಲ್ಕು ಗಂಟೆ.