ಹೊಂಡದ ಮೇಲಿನ ಮನೆ

ಹರಿಹರ
ಆಗಸ್ಟ್ ೨, ಶುಕ್ರವಾರ

ರೀ,

ಮೂರು ಗಂಟೆಗೆ ಎಚ್ಚರವಾಯಿತು. ಅಡುಗೆಮನೆಯ ನೆಲದಡಿ ಮಣ್ಣು ಜಾರಿದಂಥ ಸದ್ದು, ಆಮೇಲೆ ಪಟ್ ಅಂತ ಟೈಲ್ಸ್ ಸಿಡಿದದ್ದು. ಲೈಟು ಹಾಕಿದರೆ ಸಿಂಕಿನಿಂದ ಬಾಗಿಲವರೆಗೆ ಬಿರುಕು, ನನ್ನ ಕಿರುಬೆರಳು ಹೋಗುವಷ್ಟು. ಮಗು ಎದ್ದಿಲ್ಲ. ನಾವು ಕ್ಷೇಮ.

ನಿಮ್ಮ ಫೋನು ಫ್ಯಾಕ್ಟರಿ ಗೇಟಿನ ಲಾಕರಿನಲ್ಲಿ ಸುಮ್ಮನೆ ಹೊಡೆದುಕೊಳ್ಳುತ್ತಿರಬೇಕು. ಗೇಟಿನವರೂ ಎತ್ತುತ್ತಿಲ್ಲ. ಎದುರುಮನೆ ರವಿಚಂದ್ರಣ್ಣ ನಿಮ್ಮ ಕಂಪನಿ ಬಸ್ಸು ತೆಗೆಯುವ ಹೊತ್ತಾಯಿತು, ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ.

ನಗಬೇಡಿ. ಮಗುವಿಗೆ ಹಾಲು ಕುಡಿಸುತ್ತಾ ಫೋನಿನಲ್ಲಿ ಹಳೇ ನಕ್ಷೆ ನೋಡುತ್ತೇನೆಂದು ರೇಗಿಸುತ್ತಿದ್ದಿರಲ್ಲ, ಐವತ್ತರ ದಶಕದಲ್ಲಿ ಸರ್ವೆಯವರು ಮಾಡಿದ್ದು. ದಾವಣಗೆರೆಯ ಗಿರಣಿ ಚಿಮಣಿಗಳು ಒಂದೊಂದು ಚುಕ್ಕಿ, ಅಲ್ಲಿಂದ ಕಪ್ಪು ದಾರದಂತೆ ರೈಲುಹಳಿ, ಇಲ್ಲಿ ನೀಲಿ ಹೊಳೆ. ಚೆಂದವೆಂದೇ ನೋಡುತ್ತಿದ್ದೆ. ನಿನ್ನೆ, ಹಳಿ ಬಾಗುವ ಕಡೆಯಿಂದ ನಮ್ಮ ಬೀದಿಯನ್ನು ಹುಡುಕಿದೆ. ನಮ್ಮ ಮನೆ ಇರುವಲ್ಲಿ ನೆಲವೇ ಇಲ್ಲ ರೀ. ಒಂದು ಹೊಂಡ, ಅದರಿಂದ ಹೊಳೆಗೆ ಇಳಿಯುವ ಹಳ್ಳ. ಯಾರೋ ಮಣ್ಣು ತುಂಬಿ ಸೈಟು ಮಾಡಿದ್ದಾರೆ.

ಬೋರ್ ಜಾಗ ನೋಡಲು ಬಂದಿದ್ದ ಹಾಲೇಶಪ್ಪನ ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತಿತ್ತಲ್ಲ. "ಇಪ್ಪತ್ತಡಿಗೇ ಗಂಗವ್ವ ಕುಂತಾಳೆ, ಪುಣ್ಯವಂತ್ರು ಬಿಡ್ರಿ" ಅಂದ. ನಾವು ಬೀದಿಗೆಲ್ಲ ಪೇಡೆ ಹಂಚಿದೆವು. ಈಗ ಹೊಳೆ ತುಂಬಿ ಹರಿಯುತ್ತಿದೆ, ಗಂಗವ್ವ ಏಳುತ್ತಿದ್ದಾಳೆ.

ಅತ್ತೆ ಹೊರಗೆ ಬರುವುದಿಲ್ಲ. ಗೃಹಪ್ರವೇಶವಾಗಿ ವರ್ಷ ತುಂಬುವ ತನಕ ದೀಪ ಬಿಟ್ಟು ಹೋಗಬಾರದಂತೆ. ಕೈಹಿಡಿದು ಬಿರುಕು ತೋರಿಸಿದೆ. "ಓದಿದೋರಿಗೆ ನಿದ್ದೆ ಬರಲ್ಲ, ಮಲಗಿದೋರ್ನೂ ಬಿಡಲ್ಲ. ಹೊಸಾ ಮನೆ ಅಂದ್ಮ್ಯಾಲೆ ಒಂದೀಟು ಕುಂದ್ರತೈತೆ. ನನ್ನ ಮಗ ಹೇಳ್ಲಿ, ಏಳ್ತೀನಿ" ಅಂದು ಮಗ್ಗುಲು ಬದಲಿಸಿದರು.

ನೀವೇ ಹೇಳಬೇಕು. ಗೇಟಿನಿಂದಲೇ ಫೋನು ಮಾಡಿ, ಬೆಳಗಾಗುವ ಮೊದಲು.

ನಿಮ್ಮ
ಪೂಜಾ

ತಾ.ಕ.: ಕ್ಷೇಮ ಅಂತ ಬರೆದೆ. ಕ್ಷೇಮವಾಗಿರುವುದು ನಾನು ಮತ್ತು ಮಗು ಮಾತ್ರ. ರವಿಚಂದ್ರಣ್ಣನ ಜಗಲಿಯ ಮೇಲೆ ಕೂತು ಇದನ್ನು ಬರೆದೆ. ನಾನು ಮಗುವನ್ನೆತ್ತಿಕೊಂಡು ಹೊಸಿಲು ದಾಟಿದ ಸಿಟ್ಟಿಗೆ ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದಾರೆ. ರವಿಚಂದ್ರಣ್ಣ ಕೂಗಿದರೂ ತೆಗೆಯಲಿಲ್ಲ. ಬಾಗಿಲ ಚೌಕಟ್ಟು ವಾಲುತ್ತಿದೆ, ಇನ್ನು ಸ್ವಲ್ಪ ಹೊತ್ತಿಗೆ ಅವರೇ ತೆಗೆದರೂ ತೆರೆಯುತ್ತದೋ ಇಲ್ಲವೋ. ನನ್ನ ನಂಬರಿಗೆ ಬೇಡ ರೀ, ಅತ್ತೆಯ ಫೋನಿಗೇ ಮಾಡಿ. ಈಗಲೇ ಮಾಡಿ.