ಬಿರುಕಿನ ತುದಿಗೆ ಸರಾಸರಿ ಗೊತ್ತಿಲ್ಲ

ಬಂದರಿನ ಅಪಘಾತ ವಿಚಾರಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕ್ರೇನಿನ ತೋಳು ಮುರಿದು ಬಿದ್ದದ್ದಕ್ಕೆ 'ಚಾಲಕಿಯು ಮಿತಿಮೀರಿದ ಭಾರ ಎತ್ತಿದ್ದೇ ಕಾರಣ' ಎಂದು ಬರೆದು ನೀವು ಕೈ ತೊಳೆದುಕೊಂಡಿದ್ದೀರಿ. ಆ ಚಾಲಕಿ ನನ್ನ ತಂಗಿ. ಅವಳು ಸತ್ತಿದ್ದಾಳೆ, ಎದುರುತ್ತರ ಕೊಡಲಾರಳು. ಸತ್ತವರ ತಲೆಯ ಮೇಲೆ ಗೂಬೆ ಕೂರಿಸುವಷ್ಟು ಅನುಕೂಲದ ಕೆಲಸ ಇನ್ನೊಂದಿಲ್ಲ. ಆದರೆ ನಿಮ್ಮ ದುರದೃಷ್ಟಕ್ಕೆ ಅವಳಿಗೊಬ್ಬ ಅಕ್ಕ ಇದ್ದಾಳೆ, ಮತ್ತು ಆ ಅಕ್ಕ ಲೋಹ ಪರೀಕ್ಷಾಲಯದಲ್ಲಿ ಮುರಿದ ಉಕ್ಕನ್ನು ನೋಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವಳು.

ನಿಮ್ಮ ತರ್ಕ ಬಹಳ ಅಚ್ಚುಕಟ್ಟಾಗಿದೆ. ತೋಳನ್ನು ಮೇಲಿನಿಂದ ಎಳೆದು ಹಿಡಿಯುವ ಉಕ್ಕಿನ ಪಟ್ಟಿ ದಿನನಿತ್ಯದ ಭಾರದ ಮೂರು ಪಟ್ಟು ತಡೆಯಬಲ್ಲದು. ಆದರೂ ಅದು ಮುರಿಯಿತು. ಆದ್ದರಿಂದ ಅವಳು ಮೂರು ಪಟ್ಟು ಎತ್ತಿರಲೇಬೇಕು. ಸರಿ. ಆ ದಿನ ಕೊಕ್ಕೆಯಲ್ಲಿದ್ದ ಪೆಟ್ಟಿಗೆ ಈಗಲೂ ನಜ್ಜುಗುಜ್ಜಾಗಿ ಹಡಗು ನಿಲ್ಲುವ ಧಕ್ಕೆಯ ಮೂಲೆಯಲ್ಲೇ ಬಿದ್ದಿದೆ. ಅದನ್ನೊಮ್ಮೆ ತೂಗಿ ನೋಡೋಣ ಎಂದು ನಿಮ್ಮ ಸಮಿತಿಯ ಒಬ್ಬ ಪಂಡಿತರಿಗೂ ಏಕೆ ಹೊಳೆಯಲಿಲ್ಲ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರಿಗೆ ತಕ್ಕಡಿಯ ಅಗತ್ಯ ಬೀಳುವುದಿಲ್ಲ, ನಿಜ.

ನಾವಿಬ್ಬರೇ ಇದ್ದೆವು. ಎರಡು ಕೋಣೆಯ ಮನೆ, ಅಪ್ಪ ಅಮ್ಮ ಹೋದ ಮೇಲೆ ಇನ್ಯಾರೂ ಇಲ್ಲ. ಅವಳು ದಿನವಿಡೀ ಅಷ್ಟೆತ್ತರದ ಗಾಜಿನ ಗೂಡಿನಲ್ಲಿ ಒಬ್ಬಳೇ ಕೂತು ವಾಕಿಟಾಕಿಯಲ್ಲಿ ಮಾತಾಡುವವಳು. ಆ ಚಾಳಿ ಮನೆಗೂ ಬಂದಿತ್ತು. "ಅಕ್ಕಾ, ಅನ್ನ ಆಯ್ತು, ಓವರ್" ಅನ್ನುವಳು. ನಾನು ಸಿಡುಕಿದರೆ "ಸಿಗ್ನಲ್ ಸರಿ ಇಲ್ಲ, ಮತ್ತೆ ಹೇಳಿ" ಎಂದು ನಗುವಳು. ಈಗ ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದೊಂದೇ. ನೀರು ಬತ್ತಿಹೋಗಲಿ ಎಂದು ಅನೇಕ ಸಲ ಹಾಗೇ ಬಿಟ್ಟುಬಿಟ್ಟಿದ್ದೇನೆ.

ಅವಳು ಹೋಗುವುದಕ್ಕೆ ಕೆಲವು ವಾರಗಳ ಮುಂಚೆ ಒಂದು ಸಂಜೆ, ಕಾಲು ಒತ್ತಿಕೊಳ್ಳುತ್ತಾ ಹೇಳಿದಳು: "ಅಕ್ಕಾ, ಭಾರ ಎತ್ತೋವಾಗೆಲ್ಲ ಮೇಲೆ ಎಲ್ಲೋ ಟಿಕ್ ಅನ್ನತ್ತೆ."

"ಎಲ್ಲಿ?"

"ಆ ದೀಪ ಕೂರಿಸಿದಾರಲ್ಲ, ಪಟ್ಟಿ ಮೇಲೆ. ಆ ಕಡೆಯಿಂದ."

ಮರುದಿನವೇ ತಪಾಸಣೆ ಮಾಡಿಸು ಅಂದೆ. ಅವಳು ಮೇಲ್ವಿಚಾರಕರಿಗೆ ಹೇಳಿದಳು. ಅವರು ನಿಮ್ಮ ಬಂದರಿನ ತಪಾಸಕರನ್ನು ಕರೆಸಿದರು. ಆ ಮಹಾಶಯರು ನೆಲದ ಮೇಲೆ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ ನೋಡಿ, "ಬಣ್ಣ ಸಿಡೀತಿದೆ ಅಷ್ಟೇ. ಬೇಜಾರಾದ್ರೆ ಹಾಡು ಕೇಳಮ್ಮ" ಎಂದು ಹೋದರು. ಹಾಡು ಕೇಳುವುದು ಬಿರುಕಿಗೆ ಮದ್ದು ಎಂದು ನಾನು ಯಾವ ಪಠ್ಯದಲ್ಲೂ ಓದಿರಲಿಲ್ಲ.

ಮಾನ್ಯರೇ, ಹೊಸ ಬಟ್ಟೆಯ ಅಂಚನ್ನು ಎರಡೂ ಕೈಯಿಂದ ಹಿಡಿದು ಎಳೆಯಿರಿ, ಹರಿಯುವುದಿಲ್ಲ. ಅಂಚಿಗೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಹಾಕಿ ಎಳೆಯಿರಿ, ಪರ್ರನೆ ಹರಿಯುತ್ತದೆ. ಎಳೆದ ಕೈ ಅದೇ, ಬಟ್ಟೆ ಅದೇ. ಮೊದಲು ಎಲ್ಲ ಎಳೆಗಳೂ ಹಂಚಿಕೊಂಡಿದ್ದ ಎಳೆತ ಈಗ ಕತ್ತರಿಸಿದ ಜಾಗವನ್ನು ಸುತ್ತಿ ಬಂದು ತುದಿಯ ಒಂದೇ ಎಳೆಯ ಮೇಲೆ ಮುಗಿಬೀಳುತ್ತದೆ. ಉಕ್ಕಿನಲ್ಲೂ ಇಷ್ಟೇ. ಪಟ್ಟಿಯ ಉಳಿದೆಡೆ ಒತ್ತಡ ಸಾಧಾರಣವಾಗಿಯೇ ಇರುತ್ತದೆ. ಬಿರುಕಿನ ತುದಿಯಲ್ಲಿ ಮಾತ್ರ ಅದು ಹಲವು ಪಟ್ಟು ಏರುತ್ತದೆ. ತುದಿ ಚೂಪಾದಷ್ಟೂ, ಬಿರುಕು ಆಳವಾದಷ್ಟೂ ಹೆಚ್ಚು. ಪ್ರತಿ ಸಲ ಭಾರ ಎತ್ತಿದಾಗಲೂ ತುದಿ ಕೂದಲೆಳೆಗಿಂತ ಕಡಿಮೆ ಮುಂದೆ ಸರಿಯುತ್ತದೆ. ಕೊನೆಗೊಂದು ದಿನ, ಎಂದಿನ ಭಾರಕ್ಕೇ, ಉಳಿದ ಉಕ್ಕೆಲ್ಲ ಒಮ್ಮೆಲೇ ಕೈಬಿಡುತ್ತದೆ. ನೀವು ಬಿರುಕಿಲ್ಲದ ಪಟ್ಟಿಯ ತಾಕತ್ತನ್ನು ಲೆಕ್ಕ ಹಾಕಿದಿರಿ. ಆ ಪಟ್ಟಿ ಕಾಗದದ ಮೇಲಿತ್ತು. ನನ್ನ ತಂಗಿ ಕೂತಿದ್ದು ಬೇರೆ ಪಟ್ಟಿಯನ್ನು ನಂಬಿ.

ಊಹೆಯಲ್ಲ ಇದು. ಅವಳನ್ನು ಕಳಿಸಿಕೊಟ್ಟ ಮರುದಿನ ಗುಜರಿ ಅಂಗಳಕ್ಕೆ ಹೋಗಿ ಮುರಿದ ಪಟ್ಟಿಯ ಮುಖ ನೋಡಿದೆ. ದೀಪದ ಕಂಬಿಯನ್ನು ಬೆಸೆದ ಜಾಗದಿಂದ ಶುರುವಾಗಿ, ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವಂಥ ಗೆರೆಗಳು, ಒಂದರಾಚೆ ಒಂದು, ಕಪ್ಪಗೆ ತುಕ್ಕು ಹಿಡಿದಿದ್ದವು. ಹಳೆಯ ಬಿರುಕು. ಆಚೆಯ ಭಾಗ ಮಾತ್ರ ಒರಟಾಗಿ, ಹೊಚ್ಚಹೊಸದಾಗಿ ಹೊಳೆಯುತ್ತಿತ್ತು. ಜೀವಮಾನವೆಲ್ಲ ಇಂಥ ಗೆರೆ ನೋಡಿ 'ಇದು ನಿಧಾನವಾಗಿ ಬೆಳೆದದ್ದು' ಎಂದು ನಿರ್ಲಿಪ್ತವಾಗಿ ಬರೆದವಳು ನಾನು. ಅವತ್ತು ಅದರ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದೆ. ಯಾವ ಗೆರೆ ಮೂಡಿದ ದಿನ ಅವಳು ಮನೆಗೆ ಬಂದು ನಕ್ಕಿದ್ದಳು ಎಂದು ಅದರಲ್ಲಿ ಓದಲು ಬರುವುದಿಲ್ಲ.

ಚಿತ್ರ ತೆಗೆದು ನಿಮಗೆ ಕಳಿಸಿದೆ. 'ಮೃತರ ಸಂಬಂಧಿಯ ಅಭಿಪ್ರಾಯ ಪರಿಗಣನಾರ್ಹವಲ್ಲ' ಎಂದಿರಿ. ನನ್ನ ಪರೀಕ್ಷಾಲಯಕ್ಕೆ ಹೋದೆ. ನಮ್ಮ ನಿರ್ದೇಶಕರು ಚಿತ್ರವನ್ನು ನೋಡಿ, ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಹೇಳ್ತಿರೋದು ಸರಿ ಮೇಡಂ. ಆದ್ರೆ ನಮಗೆ ಬರೋ ಅರ್ಧ ಕೆಲಸ ಬಂದರಿಂದು. ಇಂಥ ವರದಿಗೆ ನನ್ನಿಂದ ಸಹಿ ಹಾಕಕ್ಕಾಗಲ್ಲ." ಅಂದಿನಿಂದ ಊಟದ ಹೊತ್ತಿಗೆ ನಾನಿರುವ ಮೇಜಿಗೆ ಯಾರೂ ಬರುವುದಿಲ್ಲ. ಅವರು ಕೆಟ್ಟವರಲ್ಲ, ಏನು ಮಾತಾಡಬೇಕೋ ಗೊತ್ತಾಗದವರು. ಡಬ್ಬಿಯ ಮುಚ್ಚಳ ತೆಗೆದ ಸದ್ದು ನನಗೇ ಜೋರಾಗಿ ಕೇಳುತ್ತದೆ.

ಕಳೆದ ವಾರ ಪಕ್ಕದ ಕ್ರೇನಿನ ಚಾಲಕರು ಮನೆಗೆ ಬಂದಿದ್ದರು. ತಂಗಿ ತೀರಿಕೊಂಡ ಮೇಲೆ ನನ್ನ ಬಾಗಿಲು ತಟ್ಟಿದ ಮೊದಲ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದು, ಅವಳು ಕೂರುತ್ತಿದ್ದ ಕುರ್ಚಿಯೆಂದು ತಿಳಿಯದೆ ಅದರಲ್ಲೇ ಕೂತರು.

"ಮೇಡಂ, ನನ್ನ ಕ್ರೇನಲ್ಲೂ ಆ ದೀಪದ ಕಂಬಿ ಇದೆ. ಹತ್ತಲಾ, ಬೇಡವಾ?"

"ಹತ್ತಬೇಡಿ" ಅಂದೆ.

ಅವರು ನಾನು ಕೊಟ್ಟ ಚಹಾದ ಲೋಟ ಕೆಳಗಿಟ್ಟರು. "ಹತ್ತಲ್ಲ ಅಂದ್ರೆ ನಾಳೆ ಬೇರೆಯವರನ್ನ ಹತ್ತಿಸ್ತಾರೆ ಮೇಡಂ. ಅವರಿಗೆ ಇದೆಲ್ಲ ಗೊತ್ತೂ ಇರಲ್ಲ." ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಬಾಗಿಲ ಬಳಿ ಅವಳ ಮಳೆಯಂಗಿ ನೋಡಿ ತಲೆ ತಗ್ಗಿಸಿದರು.

ಆದ್ದರಿಂದ ಕೇಳುತ್ತಿದ್ದೇನೆ. ಆ ಪೆಟ್ಟಿಗೆಯನ್ನು ತೂಗಿಸಿ. ಮುರಿದ ಪಟ್ಟಿ ಪೂರಾ ತುಕ್ಕು ತಿನ್ನುವ ಮುಂಚೆ, ಬಂದರಿನ ಹಂಗಿಲ್ಲದ ತಜ್ಞರಿಗೆ ತೋರಿಸಿ. ನನ್ನ ತಂಗಿಯ ಹೆಸರಿನ ಮುಂದಿರುವ ಆ ಸಾಲು ಹೊಡೆದುಹಾಕಿ. ಇವೆಲ್ಲ ನಿಧಾನವಾದರೂ ನಾನು ಕಾಯಬಲ್ಲೆ. ನನಗೀಗ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆದರೆ ಉಳಿದ ಕ್ರೇನುಗಳನ್ನು ಇಂದೇ ನಿಲ್ಲಿಸಿ, ಯಾರನ್ನಾದರೂ ಮೇಲೆ ಹತ್ತಿಸಿ ಆ ಬೆಸುಗೆಗಳನ್ನು ಹತ್ತಿರದಿಂದ ಪರೀಕ್ಷಿಸಿ. ಇದನ್ನು ಬರೆಯುತ್ತಾ ಕಿಟಕಿಯಿಂದ ಬಂದರಿನ ಕಡೆ ನೋಡುತ್ತಿದ್ದೇನೆ. ಪಕ್ಕದ ಕ್ರೇನಿನ ತೋಳು ಮೇಲೇಳುತ್ತಿದೆ.

ಇಂತಿ,
ಈಗ ಯಾರಿಗೂ ಅಕ್ಕನಲ್ಲದ,
ಲೋಹ ಪರೀಕ್ಷಿಸುವ ಒಬ್ಬ ಹೆಂಗಸು