ಪಂಪಿನ ಅಡಿಯಲ್ಲಿ ನಿಮ್ಮ ಹೆಸರು

ಮಾವನವರ ದಿವ್ಯ ಸನ್ನಿಧಾನಕ್ಕೆ, ತಮ್ಮ ತಂಗಿಯ ತರಲೆ ಮಗಳು ಮಾಡಿಕೊಳ್ಳುವ ಅರಿಕೆ.

ತಾವು ನನಗೆ ಬಿಟ್ಟುಹೋದ ಹಳೆಯ ಜೀಪು ಪದೇ ಪದೇ ಕುದಿಯುವ ಪ್ರಕರಣದ ತನಿಖೆ ಮುಗಿದಿದೆ. ತನಿಖಾಧಿಕಾರಿ ನಾನೇ, ಮೈಗೆಲ್ಲ ಗ್ರೀಸ್ ಮೆತ್ತಿಕೊಂಡವಳೂ ನಾನೇ. ವರದಿಯನ್ನು ತಮಾಷೆಯಾಗಿ ಬರೆಯೋಣ ಅಂತ ಕೂತೆ. ಆಗುತ್ತಿಲ್ಲ ಮಾವ.

ಆ ಬೇಸಿಗೆ ನೆನಪಿದೆಯಾ? ಬೆಟ್ಟ ಹತ್ತುವಾಗ ಜೀಪು ಬುಸ್ಸೆಂದು ಹಬೆ ಬಿಟ್ಟಿತು. ಇಂಜಿನ್ನಿಗೆ ನೀರು ತಳ್ಳುವ ಹೊಸ ಪಂಪನ್ನು ಮೆಕ್ಯಾನಿಕ್ ಪುಟ್ಟಸ್ವಾಮಣ್ಣ ಕೂರಿಸಿಕೊಟ್ಟು ಇನ್ನೂ ವಾರವಾಗಿರಲಿಲ್ಲ. ನೀವು ಸೀದಾ ಬನ್ನಿಮಂಟಪದ ಅವರ ಶೆಡ್ಡಿಗೆ ಹೋಗಿ, ಜೀಪು ಇಟ್ಟುಕೊಂಡಿದ್ದ ನಿಮ್ಮ ಗೆಳೆಯರೆಲ್ಲ ನಿಂತಿದ್ದಾಗಲೇ ಕೂಗಾಡಿದಿರಿ. “ನಾನ್ ತಂದ್ಕೊಟ್ಟ ಹೊಸ ಪಂಪ್ ನುಂಗ್ಬುಟ್ಟು ಯಾವ್ದೋ ಗುಜರಿ ಮಾಲು ಹಾಕಿದ್ದೀಯಲ್ಲೋ ಕಳ್ಳ!” “ಇಲ್ಲ ಸ್ವಾಮಿ, ನಿಮ್ಮಾಣೆ ಇಲ್ಲ” ಅಂದರು ಅವರು. ನಾನು ಹಿಂದಿನಿಂದ ಕೈ ಮುಗಿದು, ಪುರೋಹಿತರ ದನಿಯಲ್ಲಿ, “ಪಂಪಾಪತಿಗೆ ಜಯವಾಗಲಿ” ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪುಟ್ಟಸ್ವಾಮಣ್ಣನಿಗೆ ಆ ಹೆಸರೇ ಉಳಿದುಹೋಯಿತು. ಗೆಳೆಯರೆಲ್ಲ ಬೇರೆ ಮೆಕ್ಯಾನಿಕ್‌ಗಳನ್ನು ಹುಡುಕಿಕೊಂಡರು.

ಮೊನ್ನೆ ಯಾದವಗಿರಿಯ ಮನೆಯಂಗಳದಲ್ಲಿ ಬಾನೆಟ್ ಎತ್ತಿದೆ. ರೇಡಿಯೇಟರ್ ತುಂಬ ನೀರಿತ್ತು, ಬೆಲ್ಟ್ ಬಿಗಿಯಾಗಿತ್ತು. ಇಂಜಿನ್ ಬಿಸಿಯಾದಾಗ ನೀರಿಗೆ ದಾರಿ ಬಿಡುವ ಥರ್ಮೋಸ್ಟಾಟ್ ಬಿಚ್ಚಿ ಒಲೆಯ ಮೇಲೆ ಬಿಸಿನೀರಿಗೆ ಹಾಕಿದರೆ ಅದೂ ಸರಿಯಾಗಿ ಬಾಯಿಬಿಟ್ಟಿತು. ಅತ್ತೆಯೂ ಬಾಯಿಬಿಟ್ಟರು. “ಲೇ, ಅದು ನನ್ನ ಹಾಲಿನ ಪಾತ್ರೆ ಕಣೇ! ನಿನ್ ಕೈಗೆ ಬೇರೆ ಸಿಗ್ನಿಲ್ವಾ?” ಇನ್ನು ಉಳಿದದ್ದು ನಮ್ಮ ಕುಖ್ಯಾತ ಗುಜರಿ ಪಂಪು. ಟಾರ್ಚ್ ಹಿಡಿದು ಜೀಪಿನ ಅಡಿಗೆ ತೂರಿದೆ. ಪಂಪಿನ ಅಡಿಯಲ್ಲಿ ಚುಕ್ಕೆ ಚುಕ್ಕೆಯಾಗಿ, ನಿಮ್ಮ ಮನೆಯ ಲೋಟ, ತಟ್ಟೆ, ಸೌಟಿನ ಮೇಲೆಲ್ಲ ಇರುವ ಅದೇ ಅಕ್ಷರಗಳಲ್ಲಿ, ನಿಮ್ಮ ಹೆಸರು. ಅತ್ತೆಯನ್ನು ಕೇಳಿದೆ. “ಹೂಂ ಕಣೇ, ಯಾರಾದ್ರೂ ಬದ್ಲಾಯಿಸ್ಬುಟ್ಟಾರು ಅಂತ ಪಾತ್ರೆ ಅಂಗ್ಡೀಗೆ ಹೋಗಿ ಕೊರೆಸ್ಕೊಂಡ್ ಬಂದಿದ್ರು. ಅಂಗಡಿಯೋನು ನಕ್ಕಿದ್ದ.”

ಕೊರೆಸಿದ್ದು ನೀವೇ. ಬಗ್ಗಿ ಒಂದು ಸಲ ನೋಡಬಾರದಿತ್ತಾ ಮಾವ?

ಮತ್ತೆ ಕುದಿಸುತ್ತಿದ್ದದ್ದು ಯಾರು? ಇಂಜಿನ್ ಚಾಲೂ ಮಾಡಿ, ಬಾನೆಟ್ ಬಳಿ ನಿಂತು, ಕೈಯಿಂದಲೇ ವೇಗ ಏರಿಸಿದೆ. ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಹಲ್ಲಿಲ್ಲದ ಅಜ್ಜಿಯ ಕೆನ್ನೆಯಂತೆ ಒಳಕ್ಕೆ ಹೋಯಿತು. ಪಂಪು ಜೋರಾಗಿ ಎಳೆದಾಗ ಆ ಮೆತ್ತನೆಯ ಪೈಪು ಚಪ್ಪಟೆಯಾಗಿ ನೀರೇ ನಿಂತುಹೋಗುತ್ತಿತ್ತು. ಗಾಡಿ ನಿಲ್ಲಿಸಿ ನೋಡುವಷ್ಟರಲ್ಲಿ ಮತ್ತೆ ಗುಂಡಗೆ, ಏನೂ ಅರಿಯದ ಪಾಪದ ಕೂಸಿನ ಹಾಗೆ. ಆ ಪೈಪು ತಂದು ಹಾಕಿದ್ದು ಯಾರು? “ಪೈಪ್ ಅಂದ್ರೆ ಪೈಪೇ ಕಣೇ, ಅದ್ರಲ್ಲೇನು” ಅಂತ ಕ್ಲಿಪ್ ಬಿಗಿದವರು ಯಾರು…

ನಿನ್ನೆ ಬನ್ನಿಮಂಟಪಕ್ಕೆ ಹೋದೆ. ಶೆಡ್ಡಿನಲ್ಲಿ ಒಂದೇ ಒಂದು ಸ್ಕೂಟರ್ ನಿಂತಿತ್ತು. “ಏನವ್ವ, ಮಾವನೋರು ಕಳ್ಸಿದ್ರಾ? ಚೆನ್ನಾಗವ್ರಾ?” ಅಂದರು ಪುಟ್ಟಸ್ವಾಮಣ್ಣ. ನೀವು ಹೋದ ಸುದ್ದಿಯನ್ನು ಅವರಿಗೆ ನಾವ್ಯಾರೂ ಹೇಳಿಯೇ ಇರಲಿಲ್ಲ ಮಾವ. ಹೇಳಿದೆ. ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು ಟೈರಿನ ಮೇಲೆ ಕೂತುಬಿಟ್ಟರು. “ನಂಗ್ಯಾರೂ ಹೇಳ್ನೇ ಇಲ್ವಲ್ಲವ್ವ. ಮಣ್ಣಿಗಾದ್ರೂ ಬತ್ತಿದ್ದೆ.” ಆಮೇಲೆ ಕೇಳಿದರು: “ಕೊನೇಗಾದ್ರೂ ಗೊತ್ತಾಯ್ತಾ ಅವ್ರಿಗೆ, ನಾನು ಕದ್ದಿಲ್ಲ ಅಂತ?”

ಸುಳ್ಳು ಹೇಳುವುದು ನನಗೆ ಹೊಸದೇ? “ಗೊತ್ತಾಗಿತ್ತಣ್ಣ, ನಿಮ್ಮನ್ನ ನೆನೀತಿದ್ರು” ಅನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ನಿಮ್ಮ ಮಾನ ಉಳಿಯುತ್ತಿತ್ತು, ಅವರಿಗೆ ಸಮಾಧಾನವಾಗುತ್ತಿತ್ತು, ನಾನು ಪಾರಾಗುತ್ತಿದ್ದೆ. ಆದರೆ ಆ ಮುಖ ನೋಡಿಕೊಂಡು… “ಇಲ್ಲಣ್ಣ, ಹಂಗೇ ಅಂದ್ಕೊಂಡೇ ಹೋದ್ರು. ಪಂಪ್ ಅವ್ರದ್ದೇ ಇತ್ತು. ತಪ್ಪು ನಮ್ದು” ಅಂದೆ. ತಲೆ ಎತ್ತಲಾಗಲಿಲ್ಲ. ಅವರು ಬೈಯಲಿಲ್ಲ. “ನಂಗ್ ಹೇಳಿ ಏನ್ ಬಂತವ್ವ? ಕದ್ದಿಲ್ಲ ಅನ್ನೋದು ನಂಗ್ ಗೊತ್ತೇ ಇತ್ತಲ್ಲ” ಅಂದರು, ಅಷ್ಟೇ.

ಹಾಗಾಗಿ ಮಾವ, ಈ ಭಾನುವಾರ ನಿಮ್ಮ ಗೆಳೆಯರೆಲ್ಲ ಕಾಫಿಗೆ ಸೇರಿದಾಗ ಅಲ್ಲಿಗೆ ಜೀಪು ತರುತ್ತೇನೆ. ಸೊಂಟ ನೋವೆಂದರೂ ಬಿಡದೆ ಒಬ್ಬೊಬ್ಬರನ್ನೂ ಗೋಣಿಚೀಲದ ಮೇಲೆ ಮಲಗಿಸಿ ಪಂಪಿನ ಅಡಿ ಓದಿಸುತ್ತೇನೆ. ನಾನು ನಗಿಸಿದ್ದಕ್ಕೂ ಅಲ್ಲೇ ತಪ್ಪೊಪ್ಪಿಕೊಳ್ಳುತ್ತೇನೆ. ಅವರು ನಿಮ್ಮನ್ನು ನಾಲ್ಕು ಮಾತು ಆಡಿಯೇ ಆಡುತ್ತಾರೆ. ನಾನು ಅಡ್ಡ ಬರುವುದಿಲ್ಲ. ಕ್ಷಮಿಸಿ.

ಅತ್ತೆಗೆ ಹೆದರಿ ಹೆದರಿ ಹೇಳಿದೆ, ನಿಮ್ಮ ಹೆಸರು ಕೆಡಿಸಬೇಡ ಅನ್ನುತ್ತಾರೇನೋ ಅಂತ. ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: “ಮೊದ್ಲು ಬನ್ನಿಮಂಟಪಕ್ಕೆ ಹೋಗಿ ಅವ್ರನ್ನ ಕರ್ಕೊಂಡು ಹೋಗೋಣ. ನಾನೂ ಬರ್ತೀನಿ. ಅವ್ರು ಮುಂದಿನ ಸೀಟಲ್ಲಿ ಕೂರ್ಲಿ.”